ಧೂಪದ ಕೆಂಡದ ಮೇಲಿಟ್ಟ ಪುಡಿ

ಮಾದೇವಿ, ಡಾಕ್ಟರಮ್ಮ ನಿನ್ನ ದವಡೆಗೆ ತುಂಬಿದ್ದ ಪುಡಿಯನ್ನು ಕೆದಕಿ ಹಾಳು ಮಾಡಿದವಳು ನಾನು, ನಿನ್ನ ಅತ್ತಿಗೆ. ಅದು ನಿನ್ನ ಮೈಗೆ ಹಿಡಿಯದೆ ಹೋದದ್ದಲ್ಲ. ಇಷ್ಟು ವರ್ಷ ನೀನು ಹಾಗೇ ನಂಬಿಕೊಂಡು ಬಂದೆ, ನಾನು ನಂಬಲು ಬಿಟ್ಟೆ.

ಎರಡು ಸಾವಿರದ ಇಸವಿ ದಾಟಿದ ಹೊಸತು. ನಿನಗಿನ್ನೂ ಮದುವೆಯಾಗಿರಲಿಲ್ಲ. ಆ ವಯಸ್ಸಿಗೇ ನಿನ್ನ ದವಡೆ ಹಲ್ಲುಗಳು ಎರಡೂ ಕಡೆ ಅಲ್ಲಾಡುತ್ತಿದ್ದವು. ಬೇಗೂರಿನಿಂದ ಗುಂಡ್ಲುಪೇಟೆಗೆ, ಅಲ್ಲಿಂದ ಇನ್ನೊಂದು ಬಸ್ಸು ಹತ್ತಿ ಚಾಮರಾಜನಗರದ ಹಲ್ಲಿನ ಆಸ್ಪತ್ರೆಗೆ ನಿನ್ನನ್ನು ಕರೆದುಕೊಂಡು ಹೋದವಳೂ ನಾನೇ.

ಬೇರಿನ ಸುತ್ತ ಮೂಳೆ ಕರಗಿದೆ ಅಂದರು ಡಾಕ್ಟರಮ್ಮ. ಮೂಳೆ ಬೆಳೆಸುವ ಹೊಸ ಪುಡಿಯೊಂದು ಬಂದಿದೆ, ಇನ್ನೂ ಪರೀಕ್ಷೆಯಲ್ಲಿದೆ, ಬಲಗಡೆ ಅದನ್ನು ತುಂಬಿ ಹೊಲಿಯುತ್ತೇವೆ, ಎಡಗಡೆ ಬರೀ ಶುಚಿ ಮಾಡಿ ಹೊಲಿಯುತ್ತೇವೆ, ಆಮೇಲೆ ಎಕ್ಸ್‌ರೇ ತೆಗೆದು ಎರಡನ್ನೂ ಹೋಲಿಸುತ್ತೇವೆ — ನಿಮಗೆ ಒಪ್ಪಿಗೆಯಿದ್ದರೆ ಮಾತ್ರ. ದುಡ್ಡು ಬೇಡ ಅಂದರು. ನನಗೆ ಅಲ್ಲೇ ಚುರುಕ್ ಅಂತು. ಪುಕ್ಕಟೆ ಯಾಕೆ?

"ಇದು ಯಾವುದರ ಮೂಳೆ?" ಅಂತ ಕೇಳಿಯೂ ಕೇಳಿದೆ.

"ಯಾವುದರದ್ದೂ ಅಲ್ಲಮ್ಮ. ಸುಣ್ಣದ ಜಾತಿಯದು, ಫ್ಯಾಕ್ಟರಿಯಲ್ಲಿ ಮಾಡಿದ್ದು."

ನಾನು ತಲೆಯಾಡಿಸಿದೆ, ನಂಬಲಿಲ್ಲ. ಮೊಸರಾಗಬೇಕಾದರೆ ಮೊಸರನ್ನೇ ಹೆಪ್ಪು ಹಾಕಬೇಕು. ಮೂಳೆ ಬೆಳೆಯಬೇಕಾದರೆ ಮೂಳೆಯನ್ನಲ್ಲದೆ ಇನ್ನೇನು ಹಾಕುತ್ತಾರೆ? ನನ್ನ ಅಡುಗೆಮನೆಯ ಬುದ್ಧಿ ಅಷ್ಟೇ ಓಡಿತು.

ನೀನು ಒಪ್ಪಿ, ಹೊಲಿಗೆ ಹಾಕಿಸಿಕೊಂಡು ಮನೆಗೆ ಬಂದ ಮೇಲೆ, ಚಂದಕವಾಡಿಯ ಚಿಕ್ಕತ್ತೆ ನಿನ್ನನ್ನು ನೋಡಲು ಬಂದವರು ಅಡುಗೆಮನೆಯಲ್ಲಿ ನಗುತ್ತಾ ಅಂದರು: "ಯಾವ್ ದನದ್ ಮೂಳೆ ಅರ್ದು ಮೆತ್ತವ್ರೋ ಯಾರ್ ಕಂಡ್ರು ಕಣಮ್ಮಿ! ಇನ್ಮೇಲೆ ಇವ್ಳು ಬೇಯ್ಸಿದ್ ಎಡೆನ ಮಾದಪ್ಪ ಮುಟ್ಟಾನಾ?" ಅವರು ತಮಾಷೆಗೆ ಅಂದದ್ದು. ನನಗೆ ಮಾತ್ರ ಅದು ಮುಳ್ಳಿನ ಹಾಗೆ ಕೂತುಬಿಟ್ಟಿತು. ಸೋಮವಾರ ಸೋಮವಾರ ಮನೆದೇವರು ಮಾದಪ್ಪನ ಎಡೆಗೆ ಅನ್ನ ಇಡುತ್ತಿದ್ದವಳು ನೀನಲ್ಲವೇ? ನೀನು ನೀರು ಕುಡಿದ ಚೊಂಬನ್ನೂ ನಾನು ಅನುಮಾನದಿಂದ ನೋಡತೊಡಗಿದೆ.

ಅದಕ್ಕೇ ಆ ಸೋಮವಾರ ಬೆಳಿಗ್ಗೆ ನಿನ್ನನ್ನು ಹಿತ್ತಿಲ ಬಿಸಿಲಿಗೆ ಕೂರಿಸಿದೆ. ಹೊಲಿಗೆಯ ಮೇಲೆ ಅವರು ಮೆತ್ತಿದ್ದ ಗುಲಾಬಿ ಬಣ್ಣದ ಮುದ್ದೆ ಇನ್ನೂ ಹಾಗೇ ಇತ್ತು; ಅದನ್ನು ಯಾರೂ ಮುಟ್ಟಬಾರದು ಅಂತ ಡಾಕ್ಟರಮ್ಮ ನನಗೇ ಹೇಳಿ ಕಳಿಸಿದ್ದರು. "ಅಂಚಲ್ಲಿ ಅನ್ನದಗುಳು ಸಿಕ್ಕಂಡದೆ, ಬಾಯ್ ತಗಿ" ಅಂದೆ. ಅಗುಳು ಇರಲಿಲ್ಲ, ಮಾದೇವಿ. ಬಳೆಗೆ ಸಿಕ್ಕಿಸಿಕೊಂಡಿದ್ದ ಸೇಫ್ಟಿ ಪಿನ್ನು ತೆಗೆದು ಮುದ್ದೆಯನ್ನು ಮೀಟಿ ತೆಗೆದೆ. ದಾರ ಪಿನ್ನಿಗೆ ಸಿಕ್ಕಿ ಕಿತ್ತು ಬಂತು. ನೀನು ನನ್ನ ಮೊಣಕೈ ಹಿಡಿದುಕೊಂಡೆ, ದೂರ ತಳ್ಳಲಿಲ್ಲ. ನಾನು ಇನ್ನೂ ಒಳಕ್ಕೆ —

ರಕ್ತದ ಜೊತೆ ಸಣ್ಣ ರವೆಯಂಥ ಕಾಳು ಬಂದವು. ದೇವರ ಮುಂದಿನ ಧೂಪದ ಕೆಂಡದ ಮೇಲಿಟ್ಟೆ. ಮೂಳೆಯಾದರೆ ಸುಟ್ಟ ಕೂದಲಿನ ಹಾಗೆ ನಾರಬೇಕು ಅನ್ನುವುದು ನನ್ನ ಪರೀಕ್ಷೆ. ರಕ್ತ ಚುರುಗುಟ್ಟಿ ಒಣಗಿತು. ಆಮೇಲೆ ಏನೂ ನಾರಲಿಲ್ಲ. ಕಾಳು ಬೆಳ್ಳಗೆ ಹಾಗೇ ಉಳಿದವು. ಸದ್ಯ, ನಮ್ಮ ಎಡೆ ಕೆಡಲಿಲ್ಲ ಅಂತ ಕರ್ಪೂರ ಹಚ್ಚಿ ಅಡ್ಡಬಿದ್ದೆ. ಆ ಹೊತ್ತಿನಲ್ಲಿ ನೀನು ಹಿತ್ತಿಲಲ್ಲಿ ಕೂತು ರಕ್ತ ಉಗಿಯುತ್ತಿದ್ದೆ.

ವಸಡು ಊದಿ ಕೀವು ತುಂಬಿತು. ಡಾಕ್ಟರಮ್ಮ ನನ್ನ ಮುಖವನ್ನೇ ನೋಡಿ ಕೇಳಿದರು: "ಯಾರಾದರೂ ಕೈ ಹಾಕಿದ್ರಾ?"

"ಇಲ್ಲ ಡಾಕ್ಟರಮ್ಮ, ಉಣ್ಣುವಾಗ ತಾನೇ ಬಿತ್ತು."

ಹಾಲು ಉಕ್ಕದೆ ಉಳಿದರೆ, ಬಸ್ಸು ತಪ್ಪದೆ ಸಿಕ್ಕರೆ, ಅದನ್ನೂ ಮಾದಪ್ಪನ ಕರುಣೆ ಅಂತ ಎಣಿಸುವವಳು ನಾನು. ಸಿಕ್ಕಿಬೀಳದೆ ಹೋದದ್ದನ್ನೂ ಆ ದಿನ ಅದರ ಜೊತೆಗೇ ಎಣಿಸಿಕೊಂಡೆ.

ಬಲಗಡೆಯ ಹಲ್ಲು ಹೋಯಿತು. ಪುಡಿ ಇವಳಿಗೆ ಹಿಡಿಯಲಿಲ್ಲ ಅಂತ ಅವರು ಬರೆದುಕೊಂಡರು — ಅವರ ಪರೀಕ್ಷೆಯೊಳಗೂ ನನ್ನ ಸುಳ್ಳು ಹೊಕ್ಕಿತು. ಆಮೇಲೊಮ್ಮೆ ಎಡಗಡೆಗಾದರೂ ಹಾಕಿ ನೋಡೋಣ ಅಂತ ಕರೆದಾಗ ನೀನು ಒಪ್ಪಲಿಲ್ಲ. "ನನ್ ಮೈಗೆ ಅದು ಆಗಕಿಲ್ಲ ಕಣತ್ಗೆ, ಬುಡು" ಅಂದೆ. ಬಾಯಿ ಬಿಡಲು ಅದಕ್ಕಿಂತ ಒಳ್ಳೆಯ ಗಳಿಗೆ ಇನ್ನಾವುದಿತ್ತು? ನಾನು ರಾಗಿ ಕೇರುತ್ತಾ ಕೂತೆ. ಎಡಗಡೆಯದೂ ಹೋಯಿತು. ಪಿನ್ನಿನಿಂದ ಒಂದು ಹಲ್ಲು ಹೋಯಿತು, ಮೌನದಿಂದ ಇನ್ನೊಂದು.

ನಾನು ಬೇಕೆಂದೇ ಕೆದಕಿದ್ದು ನಿನಗೆ ಗೊತ್ತಿತ್ತೇ? ಡಾಕ್ಟರಮ್ಮ ಕೇಳಿದಾಗ ಪಿನ್ನಿನ ಮಾತನ್ನು ನೀನೂ ಎತ್ತಲಿಲ್ಲ. ನನ್ನನ್ನು ಉಳಿಸಲು ಸುಮ್ಮನಿದ್ದೆಯೋ, ಅತ್ತಿಗೆ ಒಳ್ಳೆಯದಕ್ಕೇ ಮಾಡಿದಳು ಅಂದುಕೊಂಡೆಯೋ? ನೀನು ನಮ್ಮ ಮನೆಗೆ ಬಂದು ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗುವಾಗೆಲ್ಲ ನಿನ್ನ ಕಣ್ಣಲ್ಲಿ ಅದನ್ನೇ ಹುಡುಕಿದ್ದೇನೆ.

ಮೊನ್ನೆ ಫೋನಿನಲ್ಲಿ ಅಂದೆಯಲ್ಲ — ನಿನ್ನ ಮಗಳಿಗೂ ವಸಡಿನಲ್ಲಿ ರಕ್ತ, ಹಲ್ಲು ಸಡಿಲ, ಮೂಳೆಗೆ ಪುಡಿ ತುಂಬಬೇಕಾಗಬಹುದು ಅಂತ ಡಾಕ್ಟರು ಹೇಳಿದ್ದಾರೆ ಅಂತ. "ಅದ್ರ ಮೈಯೂ ನನ್ನಂಗೇ ಅತ್ಗೆ, ಸುಮ್ನೆ ಯಾಕ್ ಕುಯ್ಸದು?" ಅಂದೆ.

ಕುಯ್ಯಿಸು, ಮಾದೇವಿ. ನಿನ್ನ ಮೈಯಲ್ಲಿ ಯಾವ ದೋಷವೂ ಇರಲಿಲ್ಲ. ಆ ಮಗುವಿನ ಡಾಕ್ಟರ ಮುಂದೆ ನಾನೇ ನಿಂತು ಅಂದು ನಡೆದದ್ದನ್ನು ಹೇಳುತ್ತೇನೆ. ಆಮೇಲೆ ನೀನು ನನ್ನ ಮನೆ ಬಾಗಿಲು ತುಳಿಯದಿದ್ದರೂ ಸರಿಯೇ. ಮಗುವಿಗೆ ಹೊಲಿಗೆ ಹಾಕಿದ ಮೇಲೆ ಆರೈಕೆಗೆ ನನ್ನನ್ನು ಕರೆಯಬೇಡ.