ಪ್ಲಗ್ ಕೀಳುವ ಕರೆಂಟಕ್ಕ

ಬೆಳಗಿನ ಆರೂಕಾಲು. ಕಾರ್ಖಾನೆಯ ಮೇಲಿನ ಮಹಡಿಯಲ್ಲಿ ಹತ್ತು ಪುಟ್ಟ ಪೆಟ್ಟಿಗೆಗಳು ಸಾಲಾಗಿ ಕೂತಿವೆ. ಎದುರಿನ ಸ್ಟೂಲಿನ ಮೇಲೆ ಐವತ್ತೆರಡರ ಹೆಂಗಸು. ಕಿವಿಯ ಹಿಂದೆ ಪೆನ್ನು, ಕಣ್ಣು ಗಡಿಯಾರದ ಮೇಲೆ. ಎರಡು ನಿಮಿಷ ಆಗುತ್ತಿದ್ದಂತೆ ಹತ್ತಕ್ಕೂ ಸೇರಿದ ಪ್ಲಗ್ ಕಿತ್ತೇಬಿಡುತ್ತಾರೆ. ಮೇಜಿನ ಮೇಲಿನ ಫೋನು ‘ಟಿಂಗ್’ ಎನ್ನುತ್ತದೆ. ಒಂದಲ್ಲ, ಹತ್ತು ಸಲ. “ಎಲ್ರೂ ಹಾಜರ್” ಎಂದು ನಗುತ್ತಾರೆ.

ಇಲ್ಲಿ ಎಲ್ಲರಿಗೂ ಇವರು ಕರೆಂಟಕ್ಕ, ಮಾಡುವುದು ಮಾತ್ರ ಕರೆಂಟ್ ತೆಗೆಯುವ ಕೆಲಸ. “ಊರೋರೆಲ್ಲ ಕರೆಂಟ್ ಕೊಟ್ಟು ಸಂಬಳ ತಗೋತಾರೆ, ನಮ್ಮ ಸೊಸೆ ಕಿತ್ತು ತಗೋತಾಳೆ ಅಂತಾರೆ ನಮ್ಮತ್ತೆ” ಎಂದು ಅವರೇ ಹೇಳಿಕೊಂಡು ನಗುತ್ತಾರೆ.

ಈ ಪೆಟ್ಟಿಗೆಗಳು ಆರೋಗ್ಯ ಕೇಂದ್ರಗಳಲ್ಲಿ ಲಸಿಕೆ ಇಡುವ ಫ್ರಿಜ್‌ಗಳನ್ನು ಕಾಯುತ್ತವೆ. ಕರೆಂಟ್ ಹೋದರೆ ಮನೆಯಲ್ಲಿರುವ ನರ್ಸ್‌ಗೆ ಸುದ್ದಿ ಕಳಿಸಬೇಕು. ಆದರೆ ಕರೆಂಟೇ ಇಲ್ಲದಾಗ ಕಳಿಸುವುದು ಹೇಗೆ? ಅದಕ್ಕೇ ಒಳಗೆ ಹೆಬ್ಬೆರಳು ಗಾತ್ರದ ಸೂಪರ್ ಕೆಪಾಸಿಟರ್ ಇದೆ. ಎರಡು ನಿಮಿಷದಲ್ಲಿ ಕರೆಂಟ್ ತುಂಬಿಕೊಂಡು, ಬೇಕಾದಾಗ ಹನ್ನೆರಡು ಸೆಕೆಂಡು ಪೆಟ್ಟಿಗೆಯ ಜೀವ ಹಿಡಿದಿಡುತ್ತದೆ. ಕರೆಂಟಕ್ಕ ದಿನಕ್ಕೆ ನಾನೂರು ಪೆಟ್ಟಿಗೆಗಳ ಆ ಹನ್ನೆರಡು ಸೆಕೆಂಡನ್ನು ಪರೀಕ್ಷಿಸುತ್ತಾರೆ.

ಹಾದಿ ಸಲೀಸಾಗಿರಲಿಲ್ಲ. ಹದಿನೇಳು ವರ್ಷ ಮೋಟಾರಿಗೆ ತಂತಿ ಸುತ್ತಿದ ಕಾರ್ಖಾನೆ ಬಾಗಿಲು ಹಾಕಿತು. ಎರಡು ವರ್ಷ ಮನೆಯಲ್ಲಿ ಬಟ್ಟೆ ಹೊಲಿದು, ಪ್ಯಾಕಿಂಗ್‌ಗೆಂದು ಇಲ್ಲಿ ಸೇರಿದರು. ಮೊದಲ ವಾರವೇ ತುಂಬಿದ ಕೆಪಾಸಿಟರ್‌ಗೆ ಸ್ಕ್ರೂಡ್ರೈವರ್ ತಗುಲಿ ಫಟ್ಟೆಂದು ಕಿಡಿ ಹಾರಿತು. ಕಪ್ಪಾದ ಆ ಸ್ಕ್ರೂಡ್ರೈವರ್ ಇನ್ನೂ ಮೇಜಿನ ಮೇಲಿದೆ. ಈಗ ಪರೀಕ್ಷೆಯ ಕೆಲಸವೇ ಇವರದು; ಮುಗಿದ ಪ್ರತಿ ಪೆಟ್ಟಿಗೆಗೂ ಪುಟ್ಟ ಬಲ್ಬ್ ಸಿಕ್ಕಿಸುತ್ತಾರೆ. ಅದು ಬೆಳಗಿ, ಮಂಕಾಗಿ, ಆರಿದ ಮೇಲೇ ಪ್ಯಾಕಿಂಗ್. “ಪ್ಲಗ್ ಕಿತ್ತ ಮಾತ್ರಕ್ಕೆ ಖಾಲಿ ಆಯ್ತು ಅಂದ್ಕೋಬಾರ್ದು” ಎನ್ನುತ್ತಾರೆ.

ಕಳೆದ ತಿಂಗಳು ಇಸ್ತ್ರಿ ಮಾಡುತ್ತಿದ್ದಾಗ ಮನೆಯಲ್ಲಿ ಕರೆಂಟ್ ಹೋಯಿತು, ಬಂತು, ಹತ್ತೆಣಿಸುವಷ್ಟರಲ್ಲಿ ಮತ್ತೆ ಹೋಯಿತು. ಕರೆಂಟಕ್ಕನ ತಲೆಯಲ್ಲಿ ಹುಳ ಹೊಕ್ಕಿತು. ಮರುದಿನ ಪೆಟ್ಟಿಗೆಗಳಿಗೂ ಅದೇ ಆಟ ಆಡಿಸಿದರು: ಕಿತ್ತರು, ಹಾಕಿದರು, ಹತ್ತೆಣಿಸಿ ಮತ್ತೆ ಕಿತ್ತರು. ಎರಡನೇ ಸಲಕ್ಕೆ ಫೋನು ಗಪ್‌ಚುಪ್.

“ಅಕ್ಕಾ, ತುಂಬೋಕೇ ಬಿಡದೆ ಕಿತ್ರೆ ಹೇಗೆ?” ಎಂದರು ಪೆಟ್ಟಿಗೆ ರೂಪಿಸಿದ ಎಂಜಿನಿಯರಮ್ಮ.

“ಕರೆಂಟ್ ನಮ್ಮನ್ನ ಕೇಳಿ ಹೋಗುತ್ತೇನಮ್ಮಾ?”

ಎಂಜಿನಿಯರಮ್ಮ ಒಂದು ಪೆಟ್ಟಿಗೆ ಬಿಚ್ಚಿಕೊಂಡು ಕೂತರು. ಕರೆಂಟ್ ಮರಳಿದಾಗ ಪೆಟ್ಟಿಗೆ ಕಳಿಸುವ ‘ಕರೆಂಟ್ ಬಂತು’ ಎಂಬ ಸುದ್ದಿ ನೋಡಿ ನರ್ಸ್ ನಿಶ್ಚಿಂತೆಯಿಂದ ಇದ್ದುಬಿಟ್ಟರೆ, ಎರಡನೇ ಸಲ ಹೋದದ್ದು ತಿಳಿಯದೆ ಫ್ರಿಜ್ ತುಂಬ ಲಸಿಕೆ ಹಾಳು. ಹುಡುಕಿದಾಗ ಸಿಕ್ಕಿದ್ದು ಇಷ್ಟೇ: ಸುದ್ದಿ ಕಳಿಸಿದ ಮೇಲೂ ಪೆಟ್ಟಿಗೆ ಪರದೆ ಬೆಳಗಿಸಿಕೊಂಡು, ಇದ್ದಬದ್ದ ಕರೆಂಟನ್ನೆಲ್ಲ ಮುಗಿಸುತ್ತಿತ್ತು. “ಹೇಳೋದು ಹೇಳಿ ತೆಪ್ಪಗೆ ಮಲಗಲಿ. ಉಳಿದಿದ್ದು ಮುಂದಿನ ಸಲಕ್ಕೆ ಆಗುತ್ತೆ” ಎಂದರು ಕರೆಂಟಕ್ಕ. ಎಂಜಿನಿಯರಮ್ಮ ಮೂರು ವಾರ ಕೂತು ಹಾಗೇ ಮಾಡಿದ್ದಾರೆ.

ಇವತ್ತು ಅದರ ಪರೀಕ್ಷೆ. ಪಾಸಾದರೆ ಇದೇ ಥರದ ಇನ್ನೂರು ಪೆಟ್ಟಿಗೆ ಹೊತ್ತು ಕೆಳಗೆ ನಿಂತ ವ್ಯಾನು ಹೊರಡುತ್ತದೆ, ಇಲ್ಲವೆಂದರೆ ಎಲ್ಲವನ್ನೂ ಮತ್ತೆ ಬಿಚ್ಚಬೇಕು. ಮೊದಲ ಸಲ ಕಿತ್ತಾಗಿದೆ. ಕರೆಂಟಕ್ಕ ಪ್ಲಗ್ ಹಾಕಿ ಹತ್ತೆಣಿಸುತ್ತಾರೆ. ಎಂಜಿನಿಯರಮ್ಮ ಉಗುರು ಕಚ್ಚುತ್ತಾ ನಿಂತಿದ್ದಾರೆ. ಪ್ಲಗ್ ಮತ್ತೆ ಹೊರಗೆ.

ಟಿಂಗ್. ಟಿಂಗ್. ಏಳು, ಎಂಟು, ಒಂಬತ್ತು. ಆಮೇಲೆ ಸದ್ದಿಲ್ಲ. ಕರೆಂಟಕ್ಕ ಹತ್ತನೇ ಪೆಟ್ಟಿಗೆಯ ಕಡೆ ಬಾಗಿ, “ಮಾತಾಡೇ ತಾಯಿ” ಎನ್ನುತ್ತಾರೆ.

ಟಿಂಗ್!

ಎಂಜಿನಿಯರಮ್ಮ ಸ್ಟೂಲಿನ ಸಮೇತ ಅವರನ್ನು ತಬ್ಬಿಕೊಳ್ಳುತ್ತಾರೆ. ‘ಎರಡು ಸಲ ಕೀಳಬೇಕು’ ಎಂಬ ಸಾಲು ಪರೀಕ್ಷೆಯ ಹಾಳೆಗೆ ಸೇರುತ್ತದೆ. ವ್ಯಾನು ಹೊರಟ ಸದ್ದು ಮೇಲಿನವರೆಗೂ ಕೇಳುತ್ತದೆ.

ಏನಾದರೂ ಆಸೆ ಇದೆಯೇ ಎಂದರೆ ಕರೆಂಟಕ್ಕ ನಾಚುತ್ತಾರೆ. “ನನ್ನ ಪೆಟ್ಟಿಗೆ ಸುದ್ದಿ ಕಳ್ಸಿ, ಆ ನರ್ಸಮ್ಮನ ಫೋನು ಟಿಂಗ್ ಅನ್ನೋದನ್ನ ಒಂದ್ಸಲ ಕಿವಿಯಾರೆ ಕೇಳ್ಬೇಕು. ಆದ್ರೆ ಅದಕ್ಕೆ ಅಲ್ಲಿ ಕರೆಂಟ್ ಹೋಗ್ಬೇಕಲ್ಲ!” ಎಂದು ನಕ್ಕು, ಮುಂದಿನ ಹತ್ತು ಪೆಟ್ಟಿಗೆ ಜೋಡಿಸಲು ಏಳುತ್ತಾರೆ. “ಬೇಡ ಬಿಡಿ. ನಂಗೆ ಇಲ್ಲೇ ಕೇಳ್ಸುತ್ತೆ.”