ಗೇಟಿನ ಮುಂದೆ ಇಳಿಯುವ ಮುಳ್ಳು

ನನ್ನ ಯಜಮಾನರು ಬಿಟ್ಟುಹೋದ ಸ್ಪೋರ್ಟ್ಸ್ ಕಾರನ್ನು ಈಗಲೂ ನಾನೇ ಓಡಿಸುತ್ತೇನೆ. ಪ್ರತಿ ಭಾನುವಾರ ಬೆಳಗಾವಿಯಿಂದ ಖಾನಾಪುರಕ್ಕೆ, ತಂಗಿಯ ಮನೆಗೆ. ಹೋದ ಚಳಿಗಾಲದಲ್ಲಿ ಅದರ ಆಯಿಲ್ ಪ್ರೆಶರ್ ಮುಳ್ಳು ನನ್ನ ತಲೆ ತಿನ್ನತೊಡಗಿತು. ಗಾಡಿ ತಣ್ಣಗಿರುವಾಗ ಮುಳ್ಳು ಮೇಲೆ. ರಸ್ತೆಯಲ್ಲಿ ಓಡುವಾಗಲೂ ಸರಿ. ರೈಲ್ವೆ ಗೇಟು ಬಿದ್ದು, ಬಿಸಿಯಾದ ಎಂಜಿನ್ನು ಸುಮ್ಮನೆ ಗುರುಗುಡುತ್ತ ನಿಂತಾಗ ಮಾತ್ರ ಸೊನ್ನೆಯ ಕಡೆಗೆ ಜಾರುತ್ತಿತ್ತು. ಕೆಂಪು ದೀಪ ಮಿಣುಕುತ್ತಿತ್ತು. ಆಕ್ಸಿಲರೇಟರ್ ಕೊಂಚ ಒತ್ತಿದರೆ ಏನೂ ಆಗಿಲ್ಲವೆಂಬಂತೆ ಏಳುತ್ತಿತ್ತು. ವೆರಿ ಮಿಸ್ಟೀರಿಯಸ್!

ಕಾನ್ವೆಂಟಿನಲ್ಲಿ ನಮ್ಮ ಸೈನ್ಸ್ ಸಿಸ್ಟರ್, ‘ವೈ?’ ಎಂದು ಕೇಳದ ಹುಡುಗಿಯನ್ನು ಕೂರಲು ಬಿಡುತ್ತಿರಲಿಲ್ಲ. ಆ ಅಭ್ಯಾಸ ಇನ್ನೂ ಹೋಗಿಲ್ಲ. ಯಜಮಾನರ ಕಾಲದಿಂದಲೂ ಗಾಡಿ ನೋಡಿಕೊಂಡ ವಡಗಾವಿಯ ಮೆಕ್ಯಾನಿಕ್ ಬಳಿ ಹೋದೆ. ಗಾಡಿಯ ಮೀಟರೇ ಸುಳ್ಳು ಹೇಳುತ್ತಿರಬಹುದೆಂದು ಆತ ತನ್ನದೊಂದು ಮೀಟರನ್ನು ನೇರ ಎಂಜಿನ್ನಿಗೇ ಜೋಡಿಸಿ ನೋಡಿದ. ಅದರ ಮುಳ್ಳೂ ಹಾಗೆಯೇ ಇಳಿಯಿತು.

“ಮೀಟರ್ ಖರೇನ ಹೇಳಾಕತ್ತೈತ್ರಿ ಅಮ್ಮಾರ. ಬೇರಿಂಗ್ ಸವದಿರಬೇಕು. ಎಂಜಿನ್ ಬಿಚ್ಚಬೇಕಾಕೈತಿ.”

“ಬಿಚ್ಚಿದ್ದು ಮತ್ತ ಕೂಡಸ್ತೀರಲ್ಲ?”

“ಪಾರ್ಟ್ ಸಿಕ್ಕರ ಕೂಡಸ್ತೀನ್ರಿ. ಸಿಗಲಿಲ್ಲಂದ್ರ ಗಾಡಿ ಇಲ್ಲೇ, ನೀವು ಬಸ್ಸಿನ್ಯಾಗ!”

ಆತ ನಕ್ಕ. ನನಗೆ ನಗಲಾಗಲಿಲ್ಲ. ಬಸ್ಸೂ ಖಾನಾಪುರಕ್ಕೇ ಹೋಗುತ್ತದೆ, ಆಫ್ ಕೋರ್ಸ್. ಆದರೆ ಯಜಮಾನರ ಕಾಲು ತಗಲಿ ನುಣುಪಾದ ಆ ಕ್ಲಚ್ಚಿನ ಮೇಲೆ ಕಾಲಿಡುವುದು ಅಲ್ಲಿಗೆ ಮುಗಿದಂತೆ.

ಹೊರಡುವ ಮುನ್ನ, ಕೆಲವು ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಹೇಳಿದೆ. ಈ ಎಂಜಿನ್ನು ಮೊದಲಿನಿಂದಲೂ ಎಣ್ಣೆ ಕುಡಿಯುವ ಜಾತಿ. ಆದರೆ ಮಳೆಗಾಲದಿಂದೀಚೆ ಎಣ್ಣೆಯ ಮಟ್ಟ ನೋಡುವ ಡಿಪ್‌ಸ್ಟಿಕ್ ಎಳೆದಾಗಲೆಲ್ಲ ಎಣ್ಣೆ ತುಂಬಿಯೇ ಇರುತ್ತಿತ್ತು. ವಯಸ್ಸಾದ ಮೇಲೆ ಚಟ ಬಿಟ್ಟಿದೆಯೆಂದು ಖುಷಿಪಟ್ಟಿದ್ದೆ.

ಆತ ಸ್ಪ್ಯಾನರ್ ಕೆಳಗಿಟ್ಟ. ಡಿಪ್‌ಸ್ಟಿಕ್ಕಿನ ಎಣ್ಣೆಯನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿದ.

“ಕುಡಿಯೂದು ಬಿಟ್ಟಿಲ್ರಿ ಅಮ್ಮಾರ, ಯಾರೋ ಕುಡಸಾಕತ್ತಾರ. ನಾ ಹಾಕಿದ್ದು ದಪ್ಪ ಎಣ್ಣಿ. ಇದು ನೀರಿನಂಗ ತೆಳ್ಳಗಾಗೈತಿ.”

ಅಲ್ಲಿಂದಲೇ ತಂಗಿಗೆ ಫೋನು ಮಾಡಿದೆ. ಅವಳ ಗಂಡನದು ಲಾರಿ ಓಡಿಸಿ ಬೆಳೆದ ಮನೆತನ.

“ನನ್ನ ಗಾಡಿಗೆ ಎಣ್ಣಿ ಹಾಕೀಯೇನು?”

“ಹಾಕಲಾರದ ಬಿಡ್ತೀನೇನಕ್ಕಾ? ಮಳಿಗಾಲದಾಗ ಕಮ್ಮಿ ಕಂಡಾಗಿಂದ, ನೀ ಉಂಡು ಗೊರಕಿ ಹೊಡಿವಾಗ ಪ್ರತಿ ಸಲಾ ನೋಡೇ ಹಾಕೀನಿ. ನಮ್ಮ ಅಂಗಳದಿಂದ ಯಾವ ಗಾಡೀನೂ ಎಣ್ಣಿ ಕಮ್ಮಿ ಇಟಗೊಂಡು ಹೋಗಂಗಿಲ್ಲ.”

“ಯಾವ ಎಣ್ಣಿ?”

“ನಮ್ಮ ಹೊಸಾ ಕಾರಿಂದು, ಭಾರೀ ಛಲೋದು. ಯಾಕ, ಅಜೀರ್ಣ ಆತೇನು?”

ಹೊರಟ ಹೆಣ್ಣುಮಕ್ಕಳಿಗೆ ಉಡಿ ತುಂಬಿದಂತೆ, ಹೊರಟ ಗಾಡಿಗೆ ಎಣ್ಣೆ ತುಂಬುವುದು ಅವರಲ್ಲಿ ರೂಢಿ. ಹೊಸ ಕಾರಿನ ಬಿಗಿಯಾದ ಎಂಜಿನ್ನಿಗೆ ಆ ತೆಳು ಎಣ್ಣೆಯೇ ಸರಿ. ನನ್ನದರಲ್ಲಿ ಸಂದುಗಳು ಅಗಲವಾಗಿವೆ. ಬಿಸಿಯಾದ ತೆಳು ಎಣ್ಣೆ ಅವುಗಳಿಂದ ಸರ್ರನೆ ಜಾರಿಹೋಗುತ್ತದೆ. ಎಂಜಿನ್ನು ಜೋರಾಗಿ ತಿರುಗುವಾಗ ಪಂಪು ಹೇಗೋ ಸಂಭಾಳಿಸುತ್ತದೆ. ಗಾಡಿ ನಿಂತಾಗ ಪಂಪೂ ನಿಧಾನ, ಮುಳ್ಳು ಕೆಳಗೆ. ಸೋ ಸಿಂಪಲ್!

ಎಂಜಿನ್ನು ಬಿಚ್ಚುವ ಮೊದಲು ಎಣ್ಣೆ ಬದಲಿಸಿ ನೋಡೋಣವೆಂದು ಇಬ್ಬರೂ ಒಪ್ಪಿದೆವು. ಮುಂದಿನ ಭಾನುವಾರ ಗೇಟಿನ ಮುಂದೆ ಉಸಿರು ಹಿಡಿದು ಕೂತೆ. ಮುಳ್ಳು ಇಳಿಯಿತು, ಆದರೆ ಸೊನ್ನೆಗಿಂತ ಸಾಕಷ್ಟು ಮೇಲೆಯೇ ನಿಂತಿತು. ಕೆಂಪು ದೀಪ ಹತ್ತಲಿಲ್ಲ. ಹಳೆಯ ಎಂಜಿನ್ನಿಗೆ ಅಷ್ಟು ಇಳಿತ ಸಹಜವೆಂದು ಮೆಕ್ಯಾನಿಕ್ ಮೊದಲೇ ಹೇಳಿದ್ದ.

ತಂಗಿಯ ಅಂಗಳದಲ್ಲಿ ಇಳಿದವಳೇ ದಪ್ಪ ಎಣ್ಣೆಯ ಡಬ್ಬಿಯನ್ನು ಅವಳ ಕೈಗಿಟ್ಟೆ. ಇನ್ನು ಮೇಲೆ ಇದನ್ನೇ ಹಾಕಬೇಕೆಂದೆ. ಅವಳು ಎಂಜಿನ್ನು ತಣಿಯುವವರೆಗೆ ಕಾದು, ಡಿಪ್‌ಸ್ಟಿಕ್ ಎಳೆದು ನೋಡಿ ಮುಖ ಸಣ್ಣದು ಮಾಡಿದಳು.

“ತುಂಬೈತಲ್ಲ ಅಕ್ಕಾ. ಹಾಕಾಕ ಜಾಗಾನ ಇಲ್ಲ.”

“ಹಂಗಾರ ಬಿಡು.”

“ಬಿಡೂದು ಹೆಂಗ? ನಡಿ, ಲೋಂಡಾ ತನಕ ಹೋಗಿ ಬರೂಣು. ಒಂದೀಟ ಕುಡೀಲಿ. ಬಂದು ಹಾಕ್ತೀನಿ.”