ಗೋಣಿ ತೆಗೆಯದ ವರ್ಡೀ

ಕಾನ್ಸಾಸ್‌ನ ಟಲ್ಮನ್ ಕೌಂಟಿ ನ್ಯಾಯಾಲಯದ ಗೋಪುರಕ್ಕೆ ಇನ್ನೂ ಬಿಸಿಲು ತಾಗಿಲ್ಲ. ವರ್ಡೀ ಹ್ಯಾಸ್ಕಿನ್ಸ್ ಆಗಲೇ ಏಣಿಯಿಂದ ಸಾರುವೆಯ ಅಟ್ಟಣೆ ಹತ್ತಿ, ಗೋಡೆಗೆ ಹೊದಿಸಿದ ಗೋಣಿತಾಟುಗಳಿಗೆ ನೀರು ಚಿಮುಕಿಸುತ್ತಿದ್ದಾರೆ. ಅರವತ್ತೆರಡರ ಈಕೆ ಮೂವತ್ತೊಂದು ವರ್ಷಗಳಿಂದ ಇಲ್ಲಿ ಗಾರೆ ಕೆಲಸದವರು. ಬಂದವರೆಲ್ಲ ಕಮಾನಿನ ಮೇಲೆ ಕೆತ್ತಿದ ಗೋಧಿ ತೆನೆಯ ಫೋಟೊ ಹೊಡೆದುಕೊಂಡು ಹೋಗುತ್ತಾರೆ. ಕಲ್ಲುಗಳ ನಡುವಿನ ಸಂದು ಯಾರ ಕಣ್ಣಿಗೆ ಬೀಳಬೇಕು?

ಹಿಂದೊಮ್ಮೆ ಯಾರೋ ಜಾಣರು ಈ ಸಂದುಗಳಿಗೆ ಸಿಮೆಂಟು ಮೆತ್ತಿದ್ದರು. "ಕಲ್ಲು ಮೆತ್ತಗಿನದು, ಸಿಮೆಂಟು ಹಟಮಾರಿ. ನೀರು ಹೊರಗೆ ಹೋಗಕ್ಕೆ ದಾರಿ ಇಲ್ಲದೆ ಚಳಿಗಾಲದಲ್ಲಿ ಕಲ್ಲೊಳಗೇ ಹೆಪ್ಪುಗಟ್ಟತ್ತೆ. ಕಲ್ಲು ಸಿಪ್ಪೆ ಸಿಪ್ಪೆಯಾಗಿ ಏಳತ್ತೆ" ಎನ್ನುತ್ತಾರೆ ವರ್ಡೀ. ಉಳಿಯಿಂದ ಸಿಮೆಂಟು ಕೆತ್ತಿ ತೆಗೆದು ಸುಣ್ಣದ ಗಾರೆ ತುಂಬುವುದು ಇವರ ಕೆಲಸ. ದಿನಕ್ಕೆ ಹನ್ನೆರಡು ಅಡಿ ಸಾಗಿದರೆ ಹೆಚ್ಚು. "ಮಂಡಿ ಬೇಡ ಅನ್ನತ್ತೆ. ನಾನು ಅದರ ಮಾತು ಕೇಳಲ್ಲ."

ಹೊಸ ಗಾರೆ ಏಳು ದಿನ ಒದ್ದೆ ಗೋಣಿಯೊಳಗೆ ಇರಬೇಕು. ಹೋದ ವರ್ಷ ಊರಿನ ಸಂಸ್ಥಾಪಕರ ದಿನದ ಮೆರವಣಿಗೆಗೆ ಚೆಂದ ಕಾಣಲೆಂದು ಕೌಂಟಿ ಆಡಳಿತದ ಕಮಿಷನರ್ ರಾಸ್ ಗ್ರೀಬ್ ಮೂರನೇ ದಿನವೇ ಗೋಣಿ ಕೀಳಿಸಿದ. ಬಿಸಿಗಾಳಿಗೆ ಗಾರೆ ಹಿಟ್ಟಾಗಿ ಉದುರಿ, ಅಷ್ಟೂ ದಿನಗಳ ದುಡಿಮೆ ಮಣ್ಣುಪಾಲಾಯಿತು. ಇವತ್ತು ಮತ್ತೆ ಮೆರವಣಿಗೆ. ಗೋಣಿ ಹೊದಿಸಿ ಮೂರೇ ದಿನವಾಗಿದೆ. ವರ್ಡೀ ಮಗಳ ಜೊತೆ ಓದಿದ ರಾಸ್, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಏಣಿಯ ಬುಡಕ್ಕೆ ಬಂದು ನಿಂತಿದ್ದಾನೆ.

"ವರ್ಡೀ, ಇವತ್ತೊಂದು ದಿನ ತೆಗೀರಿ. ಈ ಹರಕು ಗೋಣಿ ಮುಂದೆ ನಾನು ಭಾಷಣ ಮಾಡೋದಾ?"

"ಮಾಡಪ್ಪಾ. ನಿನ್ನ ಭಾಷಣಕ್ಕಿಂತ ಗೋಣಿನೇ ವಾಸಿ, ಬಾಯಿ ಮುಚ್ಕೊಂಡಿರತ್ತೆ."

ಹುಲ್ಲಿನ ಮೇಲೆ ಮೇಜು ಹಾಕಿ ಸೇಬಿನ ಪೈ ಜೋಡಿಸುತ್ತಿದ್ದ ಹೆಂಗಸರು ಗೊಳ್ಳನೆ ನಗುತ್ತಾರೆ. ರಾಸ್ ಮುಖ ಕೆಂಪಾಗುತ್ತದೆ.

"ಹತ್ತು ಗಂಟೆಯೊಳಗೆ ತೆಗೀದಿದ್ರೆ ನಾಳೆಯಿಂದ ನೀವು ಬರೋದೇ ಬೇಡ!"

"ನಾನು ತೆಗೆಯಲ್ಲ. ನೀನೇ ಹತ್ತಿ ಬಾ. ಆದ್ರೆ ನಾನು ಇಲ್ಲೇ ಕೂತಿರ್ತೀನಿ, ನನ್ನನ್ನ ಎಬ್ಬಿಸಿ ತೆಗೀಬೇಕು."

ರಾಸ್ ಏಣಿ ನೋಡುತ್ತಾನೆ, ಪೈ ಮೇಜಿನ ಕಡೆ ನೋಡುತ್ತಾನೆ, ಹೊರಟುಹೋಗುತ್ತಾನೆ. ಹತ್ತಕ್ಕೆ ಸರಿಯಾಗಿ ಶಾಲೆಯ ಬ್ಯಾಂಡು, ಹಿಂದೆ ಟ್ರ್ಯಾಕ್ಟರುಗಳು, ಒದ್ದೆ ಗೋಣಿಯ ಮುಂದೆಯೇ ಸಾಗುತ್ತವೆ. ಭಾಷಣವೂ ಅಲ್ಲೇ ಆಗುತ್ತದೆ. ಅದು ಮುಗಿದ ಮೇಲೆ ಗುಮಾಸ್ತೆಯೊಬ್ಬಳು ಬಂದು ಕೆಲಸದಿಂದ ತೆಗೆದ ಕಾಗದವನ್ನು ತಲೆತಗ್ಗಿಸಿ ಕೊಡುತ್ತಾಳೆ. ವರ್ಡೀ ಅದನ್ನು ಓದಿ, ಮಡಿಸಿ ಜೇಬಿಗಿಡುತ್ತಾರೆ.

ಇನ್ನು ನಾಲ್ಕು ದಿನ ಈ ಗೋಡೆಯ ಗತಿ ಏನೆಂದು ಕೇಳಿದರೆ, ಅವರಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಾಣುತ್ತದೆ.

"ಕೆಲಸ ಅವರದು, ಕಿತ್ಕೊಂಡ್ರು. ನಲ್ಲಿನೂ ಅವರದೇ, ಬೀಗ ಹಾಕ್ಕೊಳ್ಲಿ. ಬಕೆಟ್ಟು ನಂದು, ಮನೆ ಎರಡೇ ಬೀದಿ ಆಚೆ. ನಾಳೆ ಬೆಳಿಗ್ಗೆ ಐದಕ್ಕೆ ಬರ್ತೀನಿ."